ಪರದೆಯ ಹಿಂದೆ: ಒತ್ತಕ್ಷರ ಒಡೆಯದ ಹೀರೋ ಯಾರು?

ಥೇಟರಿನ ಮುಂದೆ ಕಟೌಟಿಗೆ ಹಾಲೆರೆಯುವ ಅಭಿಮಾನಿ ಮಿತ್ರರೇ, ಅದರ ಕೆಳಗೆ ಆಳೆತ್ತರದ ಅಕ್ಷರದಲ್ಲಿ ನಾಯಕನ ಹೆಸರು ಬರೆದವನು ಯಾರೆಂದು ಎಂದಾದರೂ ಕೇಳಿದ್ದೀರಾ? ಇಲ್ಲ ಬಿಡಿ! ಹಿಂದೆ ಅವನು ಏಣಿ ಹತ್ತಿ, ಬ್ರಶ್ ಹಿಡಿದು ಬರೆಯುತ್ತಿದ್ದ. ಈಗ ಕಂಪ್ಯೂಟರಿನ ಮುಂದೆ ಕೂತು ಮೌಸ್ ಆಡಿಸುತ್ತಾನೆ. ನಮ್ಮ ವಿಜಯಪುರದಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಬಂತೆಂದರೆ ಅವನಿಗೆ ಊಟಕ್ಕೂ ಪುರುಸೊತ್ತಿಲ್ಲ. ಜಾತ್ರೆ ಮುಗಿಯಿತೋ, ಲಗ್ನಪತ್ರಿಕೆಯ ಸುಗ್ಗಿ!

ಈ ಕೆಲಸಕ್ಕೆ ಇಳಿಯಬೇಕೆಂದು ತಿಕೋಟಾ, ಬಬಲೇಶ್ವರದ ಕಡೆಯಿಂದ ಬರುವ ಹುಡುಗರದು ಒಂದೇ ಪ್ರಶ್ನೆ: "ಅಣ್ಣಾರ, ಕೋರಲ್ ಕಲೀಲೋ, ಇಲ್ಲಸ್ಟ್ರೇಟರ್ ಕಲೀಲೋ? ಯಾವುದ್ರಾಗ ಹೊಟ್ಟಿ ತುಂಬತೈತಿ ಹೇಳ್ರಿ."

ಉತ್ತರಕ್ಕೆ ಮೊದಲು ಕಥೆಯ ಹಿನ್ನೆಲೆ. ಫೋಟೋ ಎಂದರೆ ಚುಕ್ಕಿಗಳ ರಾಶಿ. ಹಿಗ್ಗಿಸಿದರೆ ಮುಖ ಮಸುಕು. ವೆಕ್ಟರ್ ಚಿತ್ರ ಹಾಗಲ್ಲ. ಅದು ಬಿಂದು ಮತ್ತು ಬಾಗಿದ ಗೆರೆಗಳ ಲೆಕ್ಕ. ಆ ಬಾಗುಗೆರೆಗೆ ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ ಅವರ ಹೆಸರೇ ಉಳಿದಿದೆ. ಗೋಳಗುಮ್ಮಟವನ್ನು ಒಮ್ಮೆ ಹೀಗೆ ಬರೆದರೆ ಸಾಕು, ವಿಸಿಟಿಂಗ್ ಕಾರ್ಡಿಗೂ ಅದೇ, ನಲವತ್ತು ಅಡಿ ಬ್ಯಾನರಿಗೂ ಅದೇ. ಅಂಚು ಒಡೆಯುವುದಿಲ್ಲ. (ಬ್ಯಾನರ್ ಬಟ್ಟೆಯದಿರಲಿ! ಪ್ಲಾಸ್ಟಿಕ್ ಫ್ಲೆಕ್ಸಿಗೆ ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಿದ್ದಿದೆ.)

ಇನ್ನು ಕಣದಲ್ಲಿರುವ ಮೂವರು ಹೀರೋಗಳು.

ಹಿರಿಯ ಇಲ್ಲಸ್ಟ್ರೇಟರ್. ಅಮೆರಿಕದ ಅಡೋಬಿ ಕಂಪನಿಯ ಕೂಸು, 1987ರಲ್ಲಿ ತೆರೆಗೆ ಬಂತು. ದೊಡ್ಡ ಊರಿನ ಜಾಹೀರಾತು ಕಚೇರಿಗಳಲ್ಲಿ ಇದರದೇ ದರ್ಬಾರು. ಆದರೆ 2013ರಿಂದ ಹೊಸ ಆವೃತ್ತಿಗಳು ಬರೀ ಬಾಡಿಗೆಗೆ. ಚಂದಾ ನಿಂತಿತೋ, ಬಾಗಿಲು ಬಂದ್!

ಎರಡನೆಯದು ಕೋರಲ್‌ಡ್ರಾ. ಕೆನಡಾದ ಒಟ್ಟಾವಾದಲ್ಲಿ ಹುಟ್ಟಿ 1989ರಲ್ಲಿ ಬಂತು. ಸಣ್ಣ ಊರಿನ ಪ್ರಿಂಟಿಂಗ್ ಪ್ರೆಸ್, ಸ್ಟಿಕರ್ ಅಂಗಡಿಗಳಿಗೆ ಇದೇ ಮನೆಮಗ. ಪಕ್ಕದ ಅಂಗಡಿಯವನು ಕಳಿಸುವ ಕಡತವೂ ಬಹುತೇಕ ಇದರದೇ.

ಮೂರನೆಯದು ಇಂಕ್‌ಸ್ಕೇಪ್. 2003ರಲ್ಲಿ ಶುರುವಾದ ಈ ತಂತ್ರಾಂಶವನ್ನು ಹಲವು ದೇಶದ ಸ್ವಯಂಸೇವಕರು ಕೂಡಿ ಕಟ್ಟಿದ್ದಾರೆ. ಪೂರ್ತಿ ಪುಕ್ಕಟೆ. ಕೊರತೆ? ಇದು ಬೆಳೆದದ್ದು ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕದಲ್ಲಿ. ಪ್ರೆಸ್ಸಿನ ನಾಲ್ಕು ಬಣ್ಣದ ಲೆಕ್ಕದಲ್ಲಿ ಹಿಂದೆ. ಕೋರಲ್ ಕಡತ ತೆರೆಯುತ್ತದೆ, ಆದರೆ ಎಲ್ಲವೂ ಸರಿಯಾಗಿ ಬರುತ್ತದೆಂಬ ಖಾತ್ರಿಯಿಲ್ಲ.

ಯಾರನ್ನು ಆರಿಸೋಣ? ಬಣ್ಣ, ಬೆಡಗು ಆಮೇಲೆ. ಮೊದಲು ಸ್ಕ್ರೀನ್ ಟೆಸ್ಟ್! ಯುನಿಕೋಡ್ ಫಾಂಟಿನಲ್ಲಿ 'ಶ್ರೀ ಸಿದ್ಧೇಶ್ವರ' ಎಂದು ಟೈಪ್ ಮಾಡಿ. ದ-ಕ್ಕೆ ಧ-ದ ಒತ್ತು, ಶ-ಕ್ಕೆ ವ-ದ ಒತ್ತು ಸರಿಯಾಗಿ ಕೂತರೆ ಪಾಸ್. ಬಿಡಿಬಿಡಿಯಾಗಿ ಬಿದ್ದರೆ ಫೇಲ್. ಇಂಕ್‌ಸ್ಕೇಪ್ ಇಲ್ಲಿ ಸಲೀಸಾಗಿ ಗೆಲ್ಲುತ್ತದೆ. ಇಲ್ಲಸ್ಟ್ರೇಟರಿನಲ್ಲಿ ಭಾರತೀಯ ಭಾಷೆಗಳ ಆಯ್ಕೆಯನ್ನು ಚಾಲೂ ಮಾಡಿಕೊಳ್ಳಬೇಕು. ಕೋರಲ್ 2012ರ ಎಕ್ಸ್6 ಆವೃತ್ತಿಯಲ್ಲಿ ಅಕ್ಷರ ಜೋಡಿಸುವ ವ್ಯವಸ್ಥೆಯನ್ನೇ ಬದಲಿಸಿತು. ಅದಕ್ಕಿಂತ ಹಳೆಯ ಕೋರಲ್ಲಿನಲ್ಲಿ ಯುನಿಕೋಡ್ ಕನ್ನಡದ ಪಾಡು ಬೇಡ.

ಆಗ ಅಂಗಡಿಯವರು ಹಿಡಿದ ದಾರಿ ನುಡಿ, ಬರಹ, ಶ್ರೀಲಿಪಿಗಳ ಹಳೇ ಮಾದರಿ ಫಾಂಟು. ಅದೊಂಥರಾ ಡಬ್ಬಿಂಗ್ ಸಿನಿಮಾ! ಮೇಲೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೊಜ್ಜು. ಲಗ್ನಪತ್ರಿಕೆ ಸಾವಿರ ಪ್ರತಿ ಅಚ್ಚಾದ ಮೇಲೆ ಮದುಮಗನ ಹೆಸರಿನ ಒತ್ತು ಹಾರಿರುವುದು ಕಂಡರೆ? ಮಾಲೀಕ ಕೈ ಹಾಕುವುದು ಬಡ ಆಪರೇಟರನ ಪಗಾರಕ್ಕೇ!

ಇನ್ನೊಂದು ಪಾಠ ನಮ್ಮೂರೇ ಕಲಿಸಿದ್ದು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಬೋರ್ಡು, ರಸೀದಿ ಪುಸ್ತಕ, ಲೆಟರ್‌ಹೆಡ್... ಎಲ್ಲದರಲ್ಲೂ ಹೆಸರು ತಿದ್ದಬೇಕು. ಅಕ್ಷರ ಅಕ್ಷರವಾಗಿಯೇ ಉಳಿದ ಕಡತದಲ್ಲಿ ಅದು ಎರಡು ನಿಮಿಷದ ಕೆಲಸ. 'ಕನ್ವರ್ಟ್ ಟು ಕರ್ವ್ಸ್' ಒತ್ತಿ ಅಕ್ಷರವನ್ನು ಬರೀ ಗೆರೆ ಮಾಡಿಟ್ಟವರು ಮಾತ್ರ ಹೊಸದಾಗಿ ಬರೆಯಬೇಕು. ಪ್ರೆಸ್ಸಿಗೆ ಕರ್ವ್ಸ್ ಪ್ರತಿ ಕೊಡಿ, ತಪ್ಪಿಲ್ಲ. ಮೂಲ ಪ್ರತಿಯನ್ನು ಬೇರೆ ಹೆಸರಲ್ಲಿ ಜೋಪಾನ ಮಾಡಿ.

"ಕಳ್ಳ ಕಾಪಿ ಪುಕ್ಕಟ ಸಿಗತೈತಲ್ರಿ?" ಅಂತೀರಾ? ಕದ್ದು ಮಾಡಿದ ಪ್ರಿಂಟಿನಲ್ಲಿ ಸಿನಿಮಾ ನೋಡಿದರೆ ನಿರ್ಮಾಪಕನ ಹೊಟ್ಟೆ ಉರಿಯುತ್ತದಲ್ಲ, ಇದೂ ಅದೇ. ಜೊತೆಗೆ ವೈರಸ್ ಬಂದು ಜಾತ್ರೆಯ ಹಿಂದಿನ ರಾತ್ರಿ ಕಡತಗಳೆಲ್ಲ ಮಾಯವಾದರೆ ಯಾರನ್ನು ಕೇಳುತ್ತೀರಿ?

ಹಾಗಾಗಿ ತಮ್ಮಂದಿರೇ, ಕೈಯಲ್ಲಿ ದುಡ್ಡಿಲ್ಲವೇ? ಇಂಕ್‌ಸ್ಕೇಪ್‌ನಲ್ಲಿ ಗೆರೆ ಬಾಗಿಸುವುದನ್ನು ಕಲಿಯಿರಿ. ಆ ವಿದ್ಯೆ ಮೂರರಲ್ಲೂ ಒಂದೇ. ನಮ್ಮೂರ ಪ್ರೆಸ್ಸಿಗೆ ಸೇರುವುದಾದರೆ ಮಾಲೀಕರ ಕೋರಲ್ ಮೇಲೆ ಕೈ ಪಳಗಿಸಿ. ಬೆಂಗಳೂರು, ಪುಣೆಯ ಜಾಹೀರಾತು ಕಚೇರಿ ಮೇಲೆ ಕಣ್ಣಿದ್ದರೆ ಇಲ್ಲಸ್ಟ್ರೇಟರ್ ಬೇಕೇ ಬೇಕು. ಯಾವುದೇ ಹಿಡಿಯಿರಿ, ಒತ್ತಕ್ಷರ ನೋಡದೆ ಕಡತವನ್ನು ಪ್ರೆಸ್ಸಿಗೆ ಬಿಡಬೇಡಿ. ಹೀರೋ ಕಟೌಟು ಮುಂದಿನ ಶುಕ್ರವಾರ ಬದಲಾಗುತ್ತದೆ. ಲಗ್ನಪತ್ರಿಕೆ ಮಾತ್ರ ಮನೆಯ ಟ್ರಂಕಿನಲ್ಲಿ ಮೊಮ್ಮಕ್ಕಳ ಕಾಲದವರೆಗೂ ಇರುತ್ತದೆ. ಏನಂತೀರಿ?