ಹಳೆಯ ಆಟಗಳ ಸಂಗೀತಕ್ಕೆ ಹೊಸ ಕಂಠ

ಕಾಗದದ ಮೇಲೆ ಬರೆದ ಸ್ವರಲಿಪಿ ಸಂಗೀತವೆ? ಸಂಗೀತ ಬಲ್ಲವರು ಯಾರೂ ಹೌದೆನ್ನಲಾರರು. ಸರಿಗಮಗಳನ್ನು ಎಷ್ಟೇ ಅಚ್ಚುಕಟ್ಟಾಗಿ ಬರೆದಿಟ್ಟರೂ ಬೆರಳು ತಂತಿಯನ್ನು ಮೀಟುವವರೆಗೆ ಅಲ್ಲಿ ನಾದವಿಲ್ಲ. ಮೀಟಿದ ವಾದ್ಯ ಬೇರೆಯಾದರೆ ನಾದವೂ ಬೇರೆ. ಎಲ್ಲರೂ ಬಲ್ಲ ಈ ಮಾತನ್ನು ಮರೆತು, ಗಣಕಯಂತ್ರದ ಹಳೆಯ ಆಟಗಳ ಸಂಗೀತವನ್ನು ಇಂದು ಅನೇಕರು 'ಸುಧಾರಿಸಲು' ಹೊರಟಿದ್ದಾರೆ. ಸುಧಾರಣೆ ಬೇಡವೆಂದು ನಾವು ಹೇಳುವವರಲ್ಲ. ಆದರೆ ಯಾವುದು ದೋಷ, ಯಾವುದು ಗುಣ ಎಂಬ ವಿವೇಕವಿಲ್ಲದೆ ತಿದ್ದಲು ಕೈಹಾಕಬಾರದೆಂಬುದು ನಮ್ಮ ಅಭಿಮತ.

ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಿಂಗಟಗೆರೆಯಲ್ಲಿ, ಪರಿಚಿತರ ಮನೆಯೊಂದರಲ್ಲಿ ನಡೆದ ಸಣ್ಣ ವಾಗ್ವಾದವೊಂದು ಈ ಲೇಖನಕ್ಕೆ ಕಾರಣ. ಆ ಮನೆಯ ಹಿರಿಯರು 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಗ ಗಣಕಯಂತ್ರವೊಂದನ್ನು ಕೊಂಡು, ಅದರಲ್ಲಿ 'ಪ್ರಿನ್ಸ್ ಆಫ್ ಪರ್ಷಿಯ' ಎಂಬ ಆಟವನ್ನು ಆಡುತ್ತಿದ್ದರಂತೆ. ಆ ಯಂತ್ರ ಅಟ್ಟ ಸೇರಿ ಎಷ್ಟೋ ವರ್ಷಗಳಾದವು. ಕಾಲೇಜಿನಲ್ಲಿ ಓದುತ್ತಿರುವ ಅವರ ಸೋದರಳಿಯ ತನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಅದೇ ಆಟವನ್ನು ಹೂಡಿ, ಯಾರೋ ವಾದ್ಯಗೋಷ್ಠಿಯ ಧ್ವನಿಯಲ್ಲಿ ಹೊಸದಾಗಿ ರಚಿಸಿದ್ದ ಸಂಗೀತವನ್ನು ಅದಕ್ಕೆ ಜೋಡಿಸಿ ಮಾವನಿಗೆ ಕೇಳಿಸಿದ. "ಇದು ಆ ಹಾಡೇ ಅಲ್ಲ" ಎಂದರು ಹಿರಿಯರು. "ಅದಕ್ಕಿಂತ ಇದೇ ಚೆನ್ನಾಗಿದೆ" ಎಂದ ಅಳಿಯ. ಕೊನೆಗೆ ಅವನು, ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದ ಸಹಾಯದಿಂದ ಅಂದಿನ ಪೀಪಿ ಧ್ವನಿಯನ್ನೇ ಹೊರಡಿಸಿ, ಇಯರ್‌ಫೋನನ್ನು ಅವರ ಕಿವಿಗೆ ಕೊಟ್ಟ. ಅವರು ಥಟ್ಟನೆ ಅದನ್ನು ತೆಗೆದು, "ಇಷ್ಟು ಕಿರುಚುತ್ತಿರಲಿಲ್ಲ" ಎಂದರು. ಇಬ್ಬರೂ ತೀರ್ಪಿಗಾಗಿ ನಮ್ಮ ಕಡೆ ತಿರುಗಿದರು.

ತೀರ್ಪು ಕೊಡುವ ಮುನ್ನ ಆ ಕಾಲದ ಯಂತ್ರ ಹೇಗೆ ಹಾಡುತ್ತಿತ್ತೆಂಬುದನ್ನು ತಿಳಿಯಬೇಕು.

1981ರಲ್ಲಿ ಬಂದ ಐಬಿಎಂ ಪಿಸಿ ಯಂತ್ರದೊಳಗೆ ಒಂದು ಪುಟ್ಟ ಧ್ವನಿವರ್ಧಕವಿತ್ತು. ಸೆಕೆಂಡಿಗೆ ಸುಮಾರು 11,93,182 ಬಾರಿ ಮಿಡಿಯುವ ಗಡಿಯಾರದ ಮಿಡಿತವನ್ನು ಒಂದು ಪೂರ್ಣಸಂಖ್ಯೆಯಿಂದ ಭಾಗಿಸಿ ಬೇಕಾದ ಸ್ವರವನ್ನು ಪಡೆಯುತ್ತಿದ್ದರು. ಆ ಸಂಖ್ಯೆ 2,712 ಆದರೆ ಸೆಕೆಂಡಿಗೆ ಸುಮಾರು 440 ಕಂಪನಗಳ ಸ್ವರ ಹೊರಡುತ್ತದೆ. ಈ ತರಂಗ ನಯವಾಗಿ ಏರಿಳಿಯದೆ ಮೆಟ್ಟಿಲಿನಂತೆ ಥಟ್ಟನೆ ಏರಿ ಥಟ್ಟನೆ ಇಳಿಯುತ್ತದೆ. ಅಂಥ ತರಂಗದಲ್ಲಿ ಮೂಲಸ್ವರದೊಡನೆ ಅದರ 3, 5, 7 ಪಟ್ಟಿನ ಮೇಲುಸ್ವರಗಳೂ ಬೆರೆತಿರುತ್ತವೆ. ಧ್ವನಿಯ ತೀಕ್ಷ್ಣತೆಗೆ ಅವೇ ಕಾರಣ. ಆದರೆ ಅಂದಿನ ಧ್ವನಿವರ್ಧಕದ ಚಿಕ್ಕ ಶಂಕುವೂ ಅದನ್ನು ಮುಚ್ಚಿದ್ದ ತಗಡಿನ ಪೆಟ್ಟಿಗೆಯೂ ಈ ಮೇಲುಸ್ವರಗಳನ್ನು ತಮ್ಮದೇ ರೀತಿಯಲ್ಲಿ ಮಾರ್ಪಡಿಸುತ್ತಿದ್ದವು. ಇಂದಿನ ತಂತ್ರಾಂಶ ಗಣಿತದ ಮೆಟ್ಟಿಲನ್ನು ಇದ್ದಂತೆಯೇ ಇಯರ್‌ಫೋನಿನ ಮೂಲಕ ಕಿವಿಯೊಳಕ್ಕೆ ಸುರಿಯಬಹುದು. ಆದುದರಿಂದ "ಇಷ್ಟು ಕಿರುಚುತ್ತಿರಲಿಲ್ಲ" ಎಂಬ ಹಿರಿಯರ ಮಾತು ಬರಿಯ ಹಳಹಳಿಕೆಯಲ್ಲ. ಅದಕ್ಕೆ ಭೌತಶಾಸ್ತ್ರದ ಆಧಾರವುಂಟು. ಅಳಿಯ ಸ್ವರವನ್ನು ತಂದಿದ್ದ, ಪೆಟ್ಟಿಗೆಯನ್ನು ತಂದಿರಲಿಲ್ಲ.

1987ರಲ್ಲಿ ಕೆನಡದ ಆಡ್‌ಲಿಬ್ ಸಂಸ್ಥೆಯ ಸಂಗೀತದ ಕಾರ್ಡು ಬಂದಿತು. ಅದರ ಹೃದಯ ಯಮಾಹಾ ಸಂಸ್ಥೆಯ ವೈಎಂ3812 ಎಂಬ ಚಿಪ್ಪು. ಅದು ಒಂಬತ್ತು ಕಂಠಗಳಲ್ಲಿ ಏಕಕಾಲಕ್ಕೆ ಹಾಡಬಲ್ಲುದು. ಅದರ ತತ್ತ್ವವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಚೌನಿಂಗ್ ಎಂಬವರು 1967ರಲ್ಲಿ ಕಂಡುಕೊಂಡಿದ್ದರು: ಒಂದು ತರಂಗದ ಆವರ್ತಸಂಖ್ಯೆಯನ್ನು ಇನ್ನೊಂದು ತರಂಗದಿಂದ ವೇಗವಾಗಿ ಅಲುಗಾಡಿಸಿದರೆ ಹೊಸ ಮೇಲುಸ್ವರಗಳು ಹುಟ್ಟುತ್ತವೆ. 400 ಕಂಪನಗಳ ತರಂಗವನ್ನು ಇನ್ನೊಂದು 400ರಿಂದ ಅಲುಗಿಸಿದರೆ 800, 1200 ಎಂಬ ಗುಣಕಗಳು ಬಂದು ತಂತಿವಾದ್ಯದಂತಹ ಕೂಡುನಾದವಾಗುತ್ತದೆ. ಅದನ್ನೇ 560ರಿಂದ ಅಲುಗಿಸಿದರೆ 960, 1520 ಮೊದಲಾದವು ಬರುತ್ತವೆ. ಇವು 400ರ ಪೂರ್ಣ ಗುಣಕಗಳಲ್ಲವಾದ್ದರಿಂದ ಜಾಗಟೆಯನ್ನು ಬಡಿದಂತೆ ಕೇಳುತ್ತದೆ. ಎರಡೇ ತರಂಗಗಳಿಂದ ಇಷ್ಟು ಬಣ್ಣಗಳು!

ಧ್ವನಿಯನ್ನೇ ಮುದ್ರಿಸಿ ಆಟದಲ್ಲಿ ಸೇರಿಸಬಾರದಿತ್ತೆ ಎಂದು ವಾಚಕರು ಕೇಳಬಹುದು. ಲೆಕ್ಕ ಹಾಕೋಣ. ಕಾಂಪ್ಯಾಕ್ಟ್ ಡಿಸ್ಕಿನ ಗುಣಮಟ್ಟದ ಧ್ವನಿಗೆ ನಿಮಿಷಕ್ಕೆ ಒಂದು ಕೋಟಿಗೂ ಹೆಚ್ಚು ಬೈಟು ಬೇಕು. 1.44 ಮೆಗಾಬೈಟಿನ ಫ್ಲಾಪಿಯಲ್ಲಿ ಎಂಟು ಸೆಕೆಂಡಿನ ಹಾಡು ಮಾತ್ರ ಹಿಡಿದೀತು. ಆದಕಾರಣ ಆಟದಲ್ಲಿ ಇಡುತ್ತಿದ್ದುದು ನಾದವನ್ನಲ್ಲ, ಸ್ವರಲಿಪಿಯನ್ನು. ಯಾವ ಸ್ವರ, ಎಷ್ಟು ಹೊತ್ತು, ಯಾವ ವಾದ್ಯ ಎಂಬ ಅಪ್ಪಣೆಗಳನ್ನಷ್ಟೇ ಬರೆದಿಟ್ಟು, ನುಡಿಸುವ ಕೆಲಸವನ್ನು ಚಿಪ್ಪಿಗೆ ಬಿಡುತ್ತಿದ್ದರು. ಈ ಅಪ್ಪಣೆಗಳಿಗೆ 1983ರಲ್ಲಿ ಮಿಡಿ ಎಂಬ ಸಾಮಾನ್ಯ ಭಾಷೆ ಏರ್ಪಟ್ಟಿತು. 1991ರ ಜನರಲ್ ಮಿಡಿ ಪಟ್ಟಿ 128 ವಾದ್ಯಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡಿತು. ಅದರಲ್ಲಿ 105 ಸಿತಾರ್, 112 ಶಹನಾಯಿ. ನಮ್ಮ ವೀಣೆಗೆ ಅಲ್ಲಿ ಸ್ಥಾನವಿಲ್ಲ. ಸಂಖ್ಯೆ ವಾದ್ಯದ ಹೆಸರನ್ನು ಹೇಳುತ್ತದೆಯೇ ಹೊರತು ಅದರ ನಾದ ಹೇಗಿರಬೇಕೆಂದು ಹೇಳುವುದಿಲ್ಲ. ಆ ಸಿತಾರ್ ಒಂದು ಕಾರ್ಡಿನಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ.

ಈಗ ಆಧುನಿಕ ಯಂತ್ರದಲ್ಲಿ ಆಗುವುದೇನು? ಸ್ವರಲಿಪಿ ಉಳಿದಿದೆ, ವಾದ್ಯ ಇಲ್ಲ. ವಿಂಡೋಸ್ ವ್ಯವಸ್ಥೆ ತನ್ನಲ್ಲಿರುವ, ನಾಲ್ಕು ಮೆಗಾಬೈಟಿಗೂ ಕಡಮೆ ಗಾತ್ರದ ಮಾದರಿ ಧ್ವನಿಗಳ ಭಂಡಾರದಿಂದ ಮಿಡಿ ಅಪ್ಪಣೆಗಳನ್ನು ಹೇಗೋ ನುಡಿಸಿಬಿಡುತ್ತದೆ. ಕೇಳಿದ ವಿದ್ಯಾರ್ಥಿ, ಹಳೆಯ ಸಂಗೀತವೇ ಇಷ್ಟು ಬಡವಾದುದೆಂದು ತೀರ್ಮಾನಿಸುತ್ತಾನೆ. ರಚಿಸಿದವನಿಗೆ ಇದಕ್ಕಿಂತ ದೊಡ್ಡ ಅನ್ಯಾಯವುಂಟೆ? ನುಡಿಸುವವನ ತಪ್ಪಿಗೆ ವಾಗ್ಗೇಯಕಾರನನ್ನು ದೂರಿದಂತಾಯಿತು.

ನಮ್ಮ ದೃಷ್ಟಿಯಲ್ಲಿ ತಿದ್ದುಪಡಿಗೆ ಮೂರು ಮೆಟ್ಟಿಲುಗಳಿವೆ. ಅವನ್ನು ಕ್ರಮವಾಗಿಯೇ ಹತ್ತತಕ್ಕದ್ದು.

ಮೊದಲನೆಯದು, ನಿಜವಾದ ದೋಷಗಳನ್ನು ಕಳೆಯುವುದು. ಕೆಲವು ಆಟಗಳಲ್ಲಿ ತಾಳದ ಗತಿಯನ್ನು ಯಂತ್ರದ ವೇಗಕ್ಕೆ ಕಟ್ಟಿದ್ದರು. ವೇಗದ ಯಂತ್ರದಲ್ಲಿ ಹಾಡು ಓಡತೊಡಗುತ್ತದೆ. ಇದು ಎಲ್ಲರೂ ಒಪ್ಪುವ ದೋಷ. ಧ್ವನಿಮಾದರಿಗಳ ದರದ ಪರಿವರ್ತನೆಯಲ್ಲಿಯೂ ದೋಷ ನುಸುಳುವುದುಂಟು. ಸೆಕೆಂಡಿಗೆ 11,025 ಮಾದರಿಗಳಂತೆ ಮುದ್ರಿಸಿದ ಧ್ವನಿಯನ್ನು ಇಂದಿನ 44,100ರ ದರಕ್ಕೆ ಏರಿಸುವಾಗ ಪ್ರತಿಯೊಂದು ಮಾದರಿಯನ್ನೂ ನಾಲ್ಕು ಬಾರಿ ಬರೆದು ಕೈತೊಳೆದುಕೊಂಡರೆ, 3,000 ಕಂಪನಗಳ ಸ್ವರದ ಜೊತೆಗೆ 8,025 ಕಂಪನಗಳ ಸುಳ್ಳು ಸ್ವರವೊಂದು ಕನ್ನಡಿಯ ಬಿಂಬದಂತೆ ಮೂಡುತ್ತದೆ. ಸರಿಯಾದ ಗಣಿತದ ಶೋಧಕದಿಂದ ಅದನ್ನು ತೆಗೆಯಬಹುದು.

ಎರಡನೆಯದು, ತಕ್ಕ ವಾದ್ಯವನ್ನು ಹುಡುಕಿ ಕೊಡುವುದು. ರೋಲ್ಯಾಂಡ್ ಸಂಸ್ಥೆಯ 1987ರ ಎಂಟಿ-32 ಎಂಬ ಉಪಕರಣಕ್ಕಾಗಿ ಬರೆದ ಸಂಗೀತವನ್ನು ಜನರಲ್ ಮಿಡಿಯ ಪಟ್ಟಿಯಂತೆ ನುಡಿಸಿದರೆ ವಾದ್ಯಗಳು ಅದಲುಬದಲಾಗುತ್ತವೆ, ಏಕೆಂದರೆ ಎರಡರ ಸಂಖ್ಯೆಗಳ ಕ್ರಮವೇ ಬೇರೆ. ಇದಕ್ಕೆ ಈಗ ಉಪಾಯಗಳುಂಟು. 2002ರಿಂದ ದೊರೆಯುತ್ತಿರುವ ಡಾಸ್‌ಬಾಕ್ಸ್ ಹಳೆಯ ಯಂತ್ರವನ್ನೂ ಆಡ್‌ಲಿಬ್ ಕಾರ್ಡಿನ ಧ್ವನಿಯನ್ನೂ ಅನುಕರಿಸುತ್ತದೆ. ಮಂಟ್ ಎಂಬ ತಂತ್ರಾಂಶ ಎಂಟಿ-32 ಅನ್ನು ಅನುಕರಿಸುತ್ತದೆ. ಫ್ಲೂಯಿಡ್‌ಸಿಂತ್ ಎಂಬುದು ನಾವು ಆರಿಸಿಕೊಟ್ಟ ಧ್ವನಿಭಂಡಾರದಿಂದ ಮಿಡಿಯನ್ನು ನುಡಿಸುತ್ತದೆ. ಯಮಾಹಾ ಚಿಪ್ಪುಗಳ ಕವಚವನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಒಳಗಿನ ಕೋಷ್ಟಕಗಳನ್ನು ಓದಿಕೊಂಡ ಶ್ರದ್ಧಾವಂತರೂ ಇದ್ದಾರೆ. ಇದನ್ನು ನಾವು ಶಾಸನ ಓದುವವರ ಕೆಲಸಕ್ಕೆ ಸಮನೆನ್ನುತ್ತೇವೆ.

ಮೂರನೆಯದು ಅಲಂಕಾರ: ಹೊಸ ವಾದ್ಯಗಳು, ದೊಡ್ಡ ಸಭಾಂಗಣದ ಮಾರ್ದನಿ, ಹೊಸ ಮುದ್ರಣ. ಸಿಂಗಟಗೆರೆಯ ತರುಣ ಮೊದಲೆರಡು ಮೆಟ್ಟಿಲುಗಳನ್ನು ಹಾರಿ ನೇರವಾಗಿ ಇಲ್ಲಿಗೆ ಬಂದಿದ್ದ.

ಇದಕ್ಕೆ ಅವನು ಕೊಟ್ಟ ಉತ್ತರ ತೆಗೆದುಹಾಕುವಂಥದಲ್ಲ. ಲಕ್ಷ್ಮೀಶ ಕವಿಯ ಊರೆಂದು ಪ್ರಸಿದ್ಧವಾದ ದೇವನೂರು ಇರುವುದು ಇದೇ ಕಡೂರು ತಾಲ್ಲೂಕಿನಲ್ಲಿ. "ಜೈಮಿನಿ ಭಾರತವನ್ನು ವಾಚನ ಮಾಡುವ ಗಮಕಿಗಳು ತಮಗೆ ಒಪ್ಪಿದ ರಾಗದಲ್ಲಿ ಹಾಡುವುದಿಲ್ಲವೆ? ಆ ಸ್ವಾತಂತ್ರ್ಯ ನಮಗೇಕಿಲ್ಲ?" ಎಂದ. ಮೆಚ್ಚತಕ್ಕ ಪ್ರಶ್ನೆಯೇ ಸರಿ. ಆದರೆ ವ್ಯತ್ಯಾಸವನ್ನು ಗಮನಿಸಬೇಕು. ವಾರ್ಧಕ ಷಟ್ಪದಿಯಲ್ಲಿ ಕವಿ ಐದು ಮಾತ್ರೆಯ ಗಣಗಳನ್ನು ನಿಯಮಿಸಿದ, ರಾಗವನ್ನು ನಿಯಮಿಸಲಿಲ್ಲ. ಅದನ್ನು ಗಮಕಿಗೆ ಬಿಟ್ಟ. ಚಿಪ್ಪಿಗಾಗಿ ಬರೆದವನು ನಾದದ ಬಣ್ಣವನ್ನೂ ತಾನೇ ನಿಯಮಿಸಿರುವುದುಂಟು. ಅಲ್ಲದೆ ಗಮಕಿ ಯಾವ ರಾಗದಲ್ಲಿ ಹಾಡಿದರೂ ಗ್ರಂಥ ಕೆಡದೆ ಉಳಿದಿರುತ್ತದೆ. ನಾಳೆ ಇನ್ನೊಬ್ಬ ಗಮಕಿ ಅದನ್ನು ತೆರೆಯಬಹುದು. ಹಾಗೆಯೇ ಹೊಸ ವಾದ್ಯಗೋಷ್ಠಿಯೂ ಬರಲಿ. ಅದು ಇಂಥವರ ಹೊಸ ರಚನೆಯೆಂಬ ಹೆಸರಿನಿಂದ ಬರಲಿ. ಮೂಲವನ್ನು ಅಳಿಸಿ ಅದರ ಪೀಠದಲ್ಲಿ ಕೂರದಿರಲಿ.

ಕೃತಕ ನಾದದ ಪಾಠ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿಯೇ ಇಲೆಕ್ಟ್ರಾನಿಕ್ ತಂಬೂರಿಯನ್ನು ನಿರ್ಮಿಸಿದರು. ತಂಬೂರಿಯ ಜೀವವಿರುವುದು ಕುದುರೆಯ ಮೇಲೆ ತಂತಿಯಡಿ ಇಡುವ ಒಂದು ನೂಲಿನೆಳೆಯಲ್ಲಿ. ತಂತಿ ಕುದುರೆಯನ್ನು ಸವರುತ್ತ ಕಂಪಿಸುವಾಗ ಮೇಲುಸ್ವರಗಳ ಆ ಝೇಂಕಾರ ಹುಟ್ಟುತ್ತದೆ. ಷಡ್ಜ ಪಂಚಮಗಳ ಆವರ್ತಸಂಖ್ಯೆ ಸರಿಯಿದ್ದ ಮಾತ್ರಕ್ಕೆ ತಂಬೂರಿಯಾಗದು. ಆ ನೂಲು ಮಾಡುವ ಕೆಲಸವನ್ನು ವಿದ್ಯುತ್ತು ಮಾಡಬೇಕು. ಹಳೆಯ ಆಟದ ಸಂಗೀತವನ್ನು ತಿದ್ದುವವರೂ ಮೊದಲು ಆ ನೂಲು ಎಲ್ಲಿದೆಯೆಂದು ಹುಡುಕಬೇಕು.

ನಮ್ಮ ತೀರ್ಪಿಗೆ ಬರೋಣ. 'ಪ್ರಿನ್ಸ್ ಆಫ್ ಪರ್ಷಿಯ' 1989ರಲ್ಲಿ ಆಪಲ್ II ಯಂತ್ರಕ್ಕಾಗಿ ಪ್ರಕಟವಾಯಿತು. ಆಟವನ್ನು ರಚಿಸಿದವರು ಜೋರ್ಡನ್ ಮೆಕ್ನರ್. ಸಂಗೀತವನ್ನು ಒದಗಿಸಿದವರು ಅವರ ತಂದೆ ಫ್ರಾನ್ಸಿಸ್ ಮೆಕ್ನರ್. 1990ರ ಡಾಸ್ ಆವೃತ್ತಿಯಲ್ಲಿ ಪುಟ್ಟ ಧ್ವನಿವರ್ಧಕಕ್ಕೆ ಒಂದು, ಸಂಗೀತದ ಕಾರ್ಡಿಗೆ ಇನ್ನೊಂದು ಎಂದು ಎರಡು ಸ್ವರಲಿಪಿಗಳನ್ನು ಬೇರೆ ಬೇರೆಯಾಗಿಯೇ ಇಟ್ಟಿದ್ದರು. ಹಿರಿಯರ ಯಂತ್ರದಲ್ಲಿ ಕಾರ್ಡು ಇರಲಿಲ್ಲ. ಆದ್ದರಿಂದ ಮಾವ ಕೇಳಿದ್ದು ಮೊದಲನೆಯದನ್ನು. ಅಳಿಯ ಕೇಳಿದ್ದು ಇವೆರಡೂ ಅಲ್ಲದ ಮೂರನೆಯದನ್ನು. ಕಾರ್ಡಿಗಾಗಿ ಬರೆದದ್ದನ್ನು ಇಬ್ಬರೂ ಕೇಳಿರಲಿಲ್ಲ!

ಅಳಿಯ ಆಡ್‌ಲಿಬ್ ಧ್ವನಿಯನ್ನು ಆರಿಸಿದ. ಇಯರ್‌ಫೋನ್ ಬಿಟ್ಟು, ಮನೆಯಲ್ಲಿದ್ದ ಸಾಧಾರಣ ಧ್ವನಿವರ್ಧಕವನ್ನು ಜೋಡಿಸಿದ. ಮೀಟಿದ ತಂತಿಯಂತಹ ಧ್ವನಿಯಲ್ಲಿ ಆರಂಭದ ಸಂಗೀತ ಮೊಳಗಿತು. ಹಿರಿಯರು ಸುಮ್ಮನೆ ಕೇಳಿ, "ಅಷ್ಟು ವರ್ಷ ಆಡಿದೆ. ಇದು ಒಳಗೇ ಇತ್ತೆ?" ಎಂದರು. ಇತ್ತು. ಮೂವತ್ತು ವರ್ಷಗಳಿಂದ ಆ ಫ್ಲಾಪಿಯಲ್ಲೇ ಇತ್ತು. ನುಡಿಸುವ ವಾದ್ಯ ಮಾತ್ರ ಇರಲಿಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ನಮ್ಮ ಕೋರಿಕೆ ಇಷ್ಟೆ. ಆಟವನ್ನು ನ್ಯಾಯವಾಗಿ ಪಡೆಯಿರಿ. ಅದು ಯಾವ ಉಪಕರಣಕ್ಕಾಗಿ ಬರೆದದ್ದೆಂದು ಮೊದಲು ವಿಚಾರಿಸಿ. ಅದನ್ನು ಹಾಗೆಯೇ ಒಮ್ಮೆ ಕೇಳಿ. ಆಮೇಲೆ ನಿಮ್ಮ ಇಷ್ಟದಂತೆ ಅಲಂಕರಿಸಿ. ಮನೆಯ ಅಟ್ಟದಲ್ಲಿ ಹಳೆಯ ಯಂತ್ರವಿದ್ದರೆ ಗುಜರಿಗೆ ಹಾಕುವ ಮುನ್ನ ಅದರಲ್ಲಿರುವ ಕಾರ್ಡಿನ ಹೆಸರನ್ನು ಬರೆದಿಡಿ. ಯಂತ್ರ ಇನ್ನೂ ನಡೆಯುವಂತಿದ್ದರೆ ಅದರ ಧ್ವನಿಯನ್ನು ಮುದ್ರಿಸಿಕೊಳ್ಳಿ. ಸ್ವರಲಿಪಿಯನ್ನು ಎಷ್ಟು ಪ್ರತಿ ಬೇಕಾದರೂ ಮಾಡಬಹುದು. ವಾದ್ಯ ಒಮ್ಮೆ ಮೌನವಾದರೆ, ಅದು ಹೇಗೆ ಹಾಡುತ್ತಿತ್ತೆಂದು ಹೇಳುವವರನ್ನು ಹುಡುಕಿಕೊಂಡು ಅಲೆಯಬೇಕಾದೀತು.