ಕಾರೂ ಇದೆ, ಫ್ರಿಜ್ಜೂ ಇದೆ, ಕೈಯಲ್ಲಿ ಕಾಸಿಲ್ಲ

ಸ್ವಂತ ಕಾರು ಇದ್ದವರನ್ನು ನಮ್ಮ ಕಡೆ ಯಾರೂ ಬಡವರು ಅನ್ನುವುದಿಲ್ಲ. ಅಮೆರಿಕದಲ್ಲಿ ಅನ್ನಬೇಕಾಗುತ್ತದೆ. ಅಲ್ಲಿ ಬಹುಪಾಲು ಬಡವರಿಗೂ ಕಾರಿರುತ್ತದೆ. ಅವರಲ್ಲಿ ಕೆಲವರಿಗೆ ರಾತ್ರಿ ಮಲಗುವ ಮನೆಯೂ ಅದೇ ಕಾರು.

ಫೋನಿನಲ್ಲಿ ನಮಗೆ ಕಾಣುವ ಅಮೆರಿಕ ಬೇರೆ. ಅಗಲವಾದ ರಸ್ತೆ, ಹಿಮದ ಮೇಲೆ ಆಡುವ ಮಕ್ಕಳು, ದೊಡ್ಡ ಅಡುಗೆಮನೆ, ಎದೆಯೆತ್ತರದ ಫ್ರಿಜ್ಜು. ಆ ಅಮೆರಿಕ ಸುಳ್ಳಲ್ಲ. ಆದರೆ ಅದರ ಪಕ್ಕದಲ್ಲೇ ಇನ್ನೊಂದಿದೆ. ಅದನ್ನು ನೋಡಲು ಕಣ್ಣು ಸ್ವಲ್ಪ ಬೇರೆ ಥರ ಪಳಗಬೇಕು.

ಜಿಲ್ಲೆ ಸುತ್ತಿ ಸುದ್ದಿ ಬರೆಯುವ ನಾವು ಬರ ಬಿದ್ದ ಊರನ್ನು ಸರ್ಕಾರದ ಪಟ್ಟಿ ನೋಡಿ ಗುರುತಿಸುವುದಿಲ್ಲ. ಬೀಗ ಬಿದ್ದ ಮನೆಗಳೆಷ್ಟು, ಸಂತೆಗೆ ಬಂದ ಎತ್ತುಗಳೆಷ್ಟು, ಶಾಲೆ ಬಿಟ್ಟ ಮಕ್ಕಳೆಷ್ಟು ಅಂತ ನೋಡುತ್ತೇವೆ. ನಾವು ಅಮೆರಿಕಕ್ಕೆ ಹೋದವರಲ್ಲ. ಆದರೆ ಅಲ್ಲಿನ ಸರ್ಕಾರ, ವಿಶ್ವವಿದ್ಯಾಲಯಗಳು ತಮ್ಮ ಜನರ ಕಷ್ಟವನ್ನು ಎಣಿಸಿ ಪ್ರಕಟಿಸುತ್ತವೆ. ಅದನ್ನೆಲ್ಲ ಓದಿದ ಮೇಲೆ ನಮಗೆ ಒಂದು ಮಾತು ಹೇಳಬೇಕು ಅನ್ನಿಸಿದೆ: ಅಲ್ಲಿ ಬಡವರ ಕೈಗೆ ದುಡ್ಡು ಕಡಿಮೆ ಬರುವುದು ಕಥೆಯ ಅರ್ಧ ಮಾತ್ರ. ಬಂದ ದುಡ್ಡನ್ನು ಅವರಿಂದ ಹೆಚ್ಚು ಹೆಚ್ಚಾಗಿ ಕೀಳುವ ವ್ಯವಸ್ಥೆ ಇನ್ನರ್ಧ.

ಮೊದಲು ಕೂಲಿಯ ಲೆಕ್ಕ. ಅಮೆರಿಕದ ಕೇಂದ್ರ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಇದು 2009ರ ಜುಲೈನಿಂದ ಒಂದು ಸೆಂಟೂ ಏರಿಲ್ಲ. ಅಂದಿನಿಂದ ಇಂದಿಗೆ ಅಲ್ಲಿನ ಬೆಲೆಗಳು ಸುಮಾರು ಅರ್ಧದಷ್ಟು ಏರಿವೆ. ಹೋಟೆಲಿನಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕ ಕೊಡಬೇಕಾದ ಮೂಲ ಕೂಲಿ ಇನ್ನೂ ಕಡಿಮೆ, ಗಂಟೆಗೆ 2.13 ಡಾಲರ್. ಅದು 1991ರಿಂದ ಹಾಗೆಯೇ ನಿಂತಿದೆ. ಟಿಪ್ಸ್ ಸೇರಿಸಿಯೂ 7.25 ಆಗದಿದ್ದರೆ ಉಳಿದದ್ದನ್ನು ಮಾಲೀಕ ತುಂಬಿಕೊಡಬೇಕು ಅನ್ನುತ್ತದೆ ಕಾನೂನು. ಹಲವು ರಾಜ್ಯಗಳು ತಾವಾಗಿ ಹೆಚ್ಚಿನ ಕನಿಷ್ಠ ಕೂಲಿ ಇಟ್ಟಿವೆ, ಅಂಗಡಿಗಳೂ ಜನ ಸಿಗದೆ ಹೆಚ್ಚು ಕೊಡುತ್ತವೆ. ಆದರೂ ಟೆಕ್ಸಸ್, ಜಾರ್ಜಿಯಾ, ಪೆನ್ಸಿಲ್ವೇನಿಯಾ ಸೇರಿ ಸುಮಾರು 20 ರಾಜ್ಯಗಳಲ್ಲಿ ಕಾನೂನಿನ ಗೆರೆ ಇರುವುದು 7.25ರಲ್ಲೇ.

ಗಂಟೆಗೆ 7.25 ಡಾಲರ್ ಅಂದರೆ ನಮ್ಮ ಲೆಕ್ಕದಲ್ಲಿ ಆರುನೂರು ರೂಪಾಯಿಗೂ ಹೆಚ್ಚು. ದಿನಕ್ಕೆ ಐದು ಸಾವಿರದ ಹತ್ತಿರ! ಇಲ್ಲೇ ನಾವೆಲ್ಲ ಎಡವುವುದು. ಸಂಬಳವನ್ನು ರೂಪಾಯಿಗೆ ತಿರುಗಿಸುತ್ತೇವೆ, ಖರ್ಚನ್ನು ತಿರುಗಿಸುವುದಿಲ್ಲ. ವಾರಕ್ಕೆ 40 ಗಂಟೆಯಂತೆ ತಿಂಗಳೆಲ್ಲ ದುಡಿದರೆ ಈ ಕೂಲಿಯಲ್ಲಿ ಸಿಗುವುದು 1,250 ಡಾಲರ್ ಆಸುಪಾಸು. ಬಹುತೇಕ ನಗರಗಳಲ್ಲಿ ಸಾಧಾರಣ ಎರಡು ಕೋಣೆಯ ಮನೆಗೆ ಬಾಡಿಗೆಯೇ ಸಾವಿರ ಡಾಲರ್ ದಾಟುತ್ತದೆ. ಅಲ್ಲಿಗೆ ಅನ್ನಕ್ಕೆ, ಕರೆಂಟಿಗೆ, ಪೆಟ್ರೋಲಿಗೆ, ಆಸ್ಪತ್ರೆಗೆ ಉಳಿದದ್ದೆಷ್ಟು ಅಂತ ನೀವೇ ಕಳೆದು ನೋಡಿ. ಅಮೆರಿಕದಲ್ಲಿ ಸುಮಾರು 2 ಕೋಟಿ 20 ಲಕ್ಷ ಬಾಡಿಗೆದಾರ ಕುಟುಂಬಗಳು ಆದಾಯದ ಶೇ 30ಕ್ಕಿಂತ ಹೆಚ್ಚನ್ನು ಮನೆಗೇ ಸುರಿಯುತ್ತಿವೆ. ಒಟ್ಟು ಬಾಡಿಗೆದಾರರಲ್ಲಿ ಇದು ಸರಿಸುಮಾರು ಅರ್ಧ.

ಇಷ್ಟಾದ ಮೇಲೆ ಕಾರು ಯಾಕೆ ಬೇಕು, ಮಾರಬಾರದೇ ಅಂತ ಕೇಳಬಹುದು. ದೊಡ್ಡ ನಗರಗಳನ್ನು ಬಿಟ್ಟರೆ ಅಲ್ಲಿ ಬಸ್ಸು ಅಪರೂಪ. ಕಾರಿಲ್ಲದವರಿಗೆ ಕೆಲಸಕ್ಕೆ ಹೋಗುವ ದಾರಿಯೇ ಇಲ್ಲ. ನಮ್ಮಲ್ಲಿ ಕೂಲಿಗೆ ಹೋಗುವವನಿಗೆ ಹಾರೆ ಗುದ್ದಲಿ ಹೇಗೋ, ಅಲ್ಲಿ ಕಾರು ಹಾಗೆ. ಅದೂ ಸಾಲದ್ದು. ಸಾಲ ತೀರಿಸಿದ ಹಿಂದಿನ ಲೆಕ್ಕ ಚೆನ್ನಾಗಿಲ್ಲದವರಿಗೆ ಹೆಚ್ಚು ಬಡ್ಡಿ. ಅಂಥವರಿಗೆ ಮಾರುವ ಕೆಲವು ಕಾರುಗಳಲ್ಲಿ ಒಂದು ಸಣ್ಣ ಸಾಧನ ಕೂರಿಸಿರುತ್ತಾರೆ. ಕಂತು ತಪ್ಪಿದರೆ ಸಾಲ ಕೊಟ್ಟವರು ಕೂತಲ್ಲಿಂದಲೇ ಕಾರು ಸ್ಟಾರ್ಟ್ ಆಗದಂತೆ ಮಾಡಬಹುದು. ಕಾರು ನಿಂತರೆ ಕೆಲಸ ನಿಂತಿತು, ಕೆಲಸ ನಿಂತರೆ ಮುಂದಿನ ಕಂತೂ ನಿಂತಿತು.

ಹೀಗೆ ಒಂದು ಸಣ್ಣ ಏಟಿಗೆ ಎಷ್ಟು ಜನ ತತ್ತರಿಸುತ್ತಾರೆ ಅನ್ನುವುದನ್ನು ಅಮೆರಿಕದ ರಿಸರ್ವ್ ಬ್ಯಾಂಕಿನಂಥ ಸಂಸ್ಥೆಯಾದ ಫೆಡರಲ್ ರಿಸರ್ವ್ ಪ್ರತಿವರ್ಷ ಕೇಳುತ್ತದೆ. ಏಕಾಏಕಿ 400 ಡಾಲರ್ ಖರ್ಚು ಬಂದರೆ ಕೈಯಲ್ಲಿರುವ ಹಣದಿಂದ, ಅಥವಾ ಮುಂದಿನ ಬಿಲ್ಲಿಗೇ ಪೂರ್ತಿ ತೀರಿಸುವ ಕ್ರೆಡಿಟ್ ಕಾರ್ಡಿನಿಂದ ಕಟ್ಟುತ್ತೀರಾ ಅನ್ನುವುದು ಪ್ರಶ್ನೆ. 2024ರ ಸಮೀಕ್ಷೆಯಲ್ಲಿ ಹೌದು ಅಂದವರು ಶೇ 63. ಉಳಿದ ಶೇ 37 ಮಂದಿಯದ್ದು ಸಾಲ ಮಾಡುವ, ಏನಾದರೂ ಮಾರುವ, ಇಲ್ಲವೇ ಕಟ್ಟಲಾಗದೆ ಕೂರುವ ಸ್ಥಿತಿ. ಜಗತ್ತಿನ ಅತಿ ಶ್ರೀಮಂತ ದೇಶದಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು!

ಆ ಸಾಲದ ಬಡ್ಡಿ ಕೇಳಿದರೆ ನಮ್ಮೂರಿನ ಮೀಟರ್ ಬಡ್ಡಿಯವರೂ ನಾಚಬೇಕು. ಸಂಬಳ ಬರುವವರೆಗೆ ಅಂತ ಕೊಡುವ ಪೇಡೇ ಸಾಲದ ಅಂಗಡಿಗಳು ಬಡವರ ಬಡಾವಣೆಗಳಲ್ಲಿ ಬೋರ್ಡು ಹಾಕಿಕೊಂಡು ಕೂತಿವೆ. ಎರಡು ವಾರಕ್ಕೆ ನೂರು ಡಾಲರಿಗೆ 15 ಡಾಲರ್ ಅಲ್ಲಿ ಸಾಮಾನ್ಯ ದರ. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ ಸುಮಾರು 390. ಕೆಲವು ರಾಜ್ಯಗಳು ಇದನ್ನು ನಿಷೇಧಿಸಿವೆ. ಸೈನಿಕರು ಈ ಬಲೆಗೆ ಬೀಳುತ್ತಿದ್ದಾರೆ ಅಂತ ಗೊತ್ತಾದಾಗ ಅಮೆರಿಕದ ಸಂಸತ್ತು 2006ರಲ್ಲಿ ಕಾನೂನು ಮಾಡಿ, ಸೈನಿಕ ಕುಟುಂಬಗಳಿಗೆ ಕೊಡುವ ಇಂಥ ಸಾಲದ ಬಡ್ಡಿ ವರ್ಷಕ್ಕೆ ಶೇ 36 ದಾಟಬಾರದು ಅಂದಿತು. ಅಂದರೆ ಇದು ಸುಲಿಗೆ ಅಂತ ಸರ್ಕಾರಕ್ಕೂ ಗೊತ್ತು. ಸೈನಿಕರನ್ನು ಕಾಯಲು ಬಂದ ಕಾನೂನು ಕಸ ಗುಡಿಸುವವರನ್ನು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರನ್ನು ಕಾಯಲು ದೇಶಕ್ಕೆಲ್ಲ ಒಂದಾಗಿ ಇನ್ನೂ ಬಂದಿಲ್ಲ.

ಅಂಗಡಿಯಲ್ಲೂ ಇದೇ ಕಥೆ. ಡಾಲರ್ ಜನರಲ್ ಅನ್ನುವ ಒಂದೇ ಕಂಪನಿಗೆ 20,000ಕ್ಕೂ ಹೆಚ್ಚು ಮಳಿಗೆಗಳಿವೆ, ಹೆಚ್ಚಿನವು ಹಳ್ಳಿ, ಸಣ್ಣ ಪಟ್ಟಣಗಳಲ್ಲಿ. ಒಂದು ಪೊಟ್ಟಣದ ಬೆಲೆ ಕಡಿಮೆ, ಆದರೆ ಪೊಟ್ಟಣವೂ ಸಣ್ಣದು. ತೂಕಕ್ಕೆ ಹೋಲಿಸಿದರೆ ಎಷ್ಟೋ ಸಲ ದೊಡ್ಡ ಅಂಗಡಿಗಿಂತ ದುಬಾರಿ. ದೊಡ್ಡ ಚೀಲ ಕೊಳ್ಳಲು ಒಟ್ಟಿಗೆ ದುಡ್ಡಿದ್ದವರಿಗೆ ಸಾಮಾನು ಅಗ್ಗ, ಇಲ್ಲದವರಿಗೆ ತುಟ್ಟಿ. ಶಾಂಪೂ ಪೊಟ್ಟಣ ಹರಿದು ಜೀವನ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಗುರುತು ರಕ್ತದ್ದು. ರಕ್ತದಲ್ಲಿರುವ ತಿಳಿ ದ್ರವವಾದ ಪ್ಲಾಸ್ಮಾದಿಂದ ಔಷಧಿ ತಯಾರಾಗುತ್ತದೆ. ಅಮೆರಿಕದಲ್ಲಿ ಅದನ್ನು ಕೊಟ್ಟವರಿಗೆ ಕಂಪನಿಗಳು ಹಣ ಕೊಡುತ್ತವೆ. ವಾರಕ್ಕೆ ಎರಡು ಸಲ ಕೊಡಲು ಅವಕಾಶವಿದೆ. ಜಗತ್ತಿನಲ್ಲಿ ಔಷಧಿಗೆಂದು ಸಂಗ್ರಹವಾಗುವ ಪ್ಲಾಸ್ಮಾದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಮೆರಿಕದ್ದೇ. ಇದರಿಂದ ರೋಗಿಗಳಿಗೆ ಉಪಕಾರವಾಗುತ್ತದೆ, ನಿಜ. ಆದರೆ ಬಾಡಿಗೆ ಕಟ್ಟಲು, ಪೆಟ್ರೋಲು ಹಾಕಿಸಲು ವಾರಕ್ಕೆರಡು ಬಾರಿ ಸೂಜಿಗೆ ತೋಳು ಒಡ್ಡುವವರು ಯಾರು? ಶ್ರೀಮಂತರ ಬಡಾವಣೆಯವರಂತೂ ಅಲ್ಲ.

ಕಾಯಿಲೆ ಬಿದ್ದರೆ ಏನು? 2023ರಲ್ಲಿ ಅಮೆರಿಕದಲ್ಲಿ ಯಾವ ಆರೋಗ್ಯ ವಿಮೆಯೂ ಇಲ್ಲದವರು ಸುಮಾರು 2 ಕೋಟಿ 60 ಲಕ್ಷ. ವಿಮೆ ಇದ್ದವರಿಗೂ ಎಷ್ಟೋ ಬಾರಿ ಹಲ್ಲು, ಕಣ್ಣು ಅದರೊಳಗೆ ಬರುವುದಿಲ್ಲ. ಸ್ಟಾನ್ ಬ್ರಾಕ್ ಅನ್ನುವವರು 1985ರಲ್ಲಿ ರಿಮೋಟ್ ಏರಿಯಾ ಮೆಡಿಕಲ್ ಅನ್ನುವ ಸಂಸ್ಥೆ ಕಟ್ಟಿದರು. ಅವರು ಹಿಂದೆ ದಕ್ಷಿಣ ಅಮೆರಿಕದ ಗಯಾನಾದಲ್ಲಿ ದನ ಕಾಯುತ್ತಿದ್ದಾಗ ಕುದುರೆಯಿಂದ ಗಾಯವಾಗಿ, ಹತ್ತಿರದ ವೈದ್ಯರು ಇರುವುದು 26 ದಿನದ ಕಾಲ್ನಡಿಗೆಯ ದೂರದಲ್ಲಿ ಅಂತ ತಿಳಿದಿತ್ತಂತೆ. ವೈದ್ಯರೇ ಇಲ್ಲದ ಕಾಡಿನ ಜನರಿಗಾಗಿ ಹುಟ್ಟಿದ ಸಂಸ್ಥೆ ಅದು. ಬರಬರುತ್ತಾ ಅದರ ಶಿಬಿರಗಳು ಅಮೆರಿಕದೊಳಗೇ ಹೆಚ್ಚಾದವು. ವರ್ಜೀನಿಯಾದ ವೈಸ್ ಅನ್ನುವ ಕಲ್ಲಿದ್ದಲು ಸೀಮೆಯಲ್ಲಿ ಜಾತ್ರೆ ಮೈದಾನದಲ್ಲೇ ಶಿಬಿರ, ದನ ಕಟ್ಟುವ ಕೊಟ್ಟಿಗೆಗಳಲ್ಲೇ ತಪಾಸಣೆ. ಹಲ್ಲು ಕೀಳಿಸಿಕೊಳ್ಳಲು, ಕನ್ನಡಕ ಪಡೆಯಲು ಜನ ಹಿಂದಿನ ರಾತ್ರಿಯೇ ಬಂದು ಕಾರಿನಲ್ಲಿ ಮಲಗಿ ಸರದಿ ಕಾಯುತ್ತಿದ್ದರು.

ಮಕ್ಕಳ ಊಟಕ್ಕೆ ಬರೋಣ. ಅಲ್ಲಿನ ಶಾಲೆಗಳಲ್ಲಿ ತೀರಾ ಬಡ ಮಕ್ಕಳಿಗೆ ಊಟ ಉಚಿತ. ಆದಾಯ ಸ್ವಲ್ಪ ಮೇಲಿದ್ದರೆ ದುಡ್ಡು ಕೊಡಬೇಕು. ಕೊಡದಿದ್ದರೆ ಮಗುವಿನ ಲೆಕ್ಕದಲ್ಲಿ ಸಾಲ ಬೀಳುತ್ತದೆ. ಕೆಲವು ಕಡೆ ಸಾಲ ಇರುವ ಮಗುವಿನಿಂದ ಬಿಸಿ ಊಟದ ತಟ್ಟೆ ಕಿತ್ತುಕೊಂಡು ತಣ್ಣನೆ ಬ್ರೆಡ್ಡು ಕೊಟ್ಟದ್ದು ದೊಡ್ಡ ಗಲಾಟೆಯಾಗಿ, 2017ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯ ಇಂಥ ಅವಮಾನವನ್ನೇ ನಿಷೇಧಿಸಿತು. ಆಮೇಲೆ ಕ್ಯಾಲಿಫೋರ್ನಿಯಾ, ಮೇನ್ ರಾಜ್ಯಗಳು ಎಲ್ಲ ಶಾಲಾ ಮಕ್ಕಳಿಗೂ ಊಟ ಉಚಿತ ಮಾಡಿದವು. ನಮ್ಮ ಬಿಸಿಯೂಟದಲ್ಲಿ ನೂರು ಕೊರತೆ ಇರಬಹುದು. ಆದರೆ ಸಾಂಬಾರು ಬಡಿಸುವ ಅಕ್ಕ ಮಗುವಿನ ಹೆಸರಲ್ಲಿ ಬಾಕಿ ಬರೆದುಕೊಳ್ಳುವುದಿಲ್ಲ.

ಕೊನೆಗೆ ಮನೆಯೇ ಇಲ್ಲದವರು. 2024ರ ಜನವರಿಯಲ್ಲಿ ಒಂದು ರಾತ್ರಿ ನಡೆಸಿದ ಎಣಿಕೆಯಲ್ಲಿ ಅಮೆರಿಕದಲ್ಲಿ ಸಿಕ್ಕ ಮನೆರಹಿತರು 7,71,480. ಅಂಥ ಎಣಿಕೆ ಶುರುವಾದ ಮೇಲೆ ಅದೇ ಅತಿ ಹೆಚ್ಚು. ಅದೇ ವರ್ಷ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಪಟ್ಟಣದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸಾರ್ವಜನಿಕ ಜಾಗದಲ್ಲಿ ಬಿಡಾರ ಹೂಡಿ ಮಲಗುವವರಿಗೆ ದಂಡ ಹಾಕುವುದು ಸಂವಿಧಾನಕ್ಕೆ ವಿರುದ್ಧವಲ್ಲ ಅಂದಿತು. ಆ ಊರಿನಲ್ಲಿ ಆಗ ದಂಡ 295 ಡಾಲರಿನಿಂದ ಶುರುವಾಗುತ್ತಿತ್ತು. ಮನೆ ಬಾಡಿಗೆಗೆ ದುಡ್ಡಿಲ್ಲದವರು 295 ಡಾಲರ್ ದಂಡ ಎಲ್ಲಿಂದ ತರಬೇಕು?

ಹಾಗಾದರೆ ದುಡ್ಡೆಲ್ಲ ಎಲ್ಲಿದೆ? ಫೆಡರಲ್ ರಿಸರ್ವ್ ಲೆಕ್ಕದ ಪ್ರಕಾರ ದೇಶದ ಸಂಪತ್ತಿನಲ್ಲಿ ಸುಮಾರು ಶೇ 30 ಇರುವುದು ಮೇಲಿನ ಶೇ 1 ಕುಟುಂಬಗಳ ಹತ್ತಿರ. ಕೆಳಗಿನ ಅರ್ಧ ಕುಟುಂಬಗಳೆಲ್ಲ ಸೇರಿದರೂ ಅವರ ಪಾಲು ಶೇ 2.5ರ ಆಸುಪಾಸು. ಕರಿಯರಲ್ಲಿ ಬಡತನದ ಪ್ರಮಾಣ ಬಿಳಿಯರಿಗಿಂತ ಎರಡು ಪಟ್ಟಿಗೂ ಹೆಚ್ಚು. ದೆಹಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2016ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಅತಿ ಶ್ರೀಮಂತ ಶೇ 1 ಗಂಡಸರು ಅತಿ ಬಡ ಶೇ 1 ಗಂಡಸರಿಗಿಂತ ಸರಾಸರಿ 14.6 ವರ್ಷ ಹೆಚ್ಚು ಬದುಕುತ್ತಾರೆ. ಹೆಂಗಸರಲ್ಲಿ ಈ ಅಂತರ 10.1 ವರ್ಷ.

ಅಮೆರಿಕದ ಬಡವ ನಮ್ಮ ಬಡವನಿಗಿಂತ ವಾಸಿ, ನಲ್ಲಿಯಲ್ಲಿ ನೀರು ಬರುತ್ತದೆ, ರಸ್ತೆ ಇದೆ, ಕರೆಂಟಿದೆ ಅಂತ ಯಾರಾದರೂ ಹೇಳಿದರೆ ನಾವು ಜಗಳಕ್ಕೆ ನಿಲ್ಲುವುದಿಲ್ಲ. ಅದು ನಿಜ. ಆದರೆ 14 ವರ್ಷದ ಆಯಸ್ಸನ್ನು ರೂಪಾಯಿಗೆ ತಿರುಗಿಸಿ ನೋಡಲು ಆಗುವುದಿಲ್ಲ.

ಇದೆಲ್ಲ ಹಣೆಬರಹವೇ, ಸೋಮಾರಿತನವೇ? ಅಲ್ಲ ಅನ್ನುವುದಕ್ಕೆ ಅಮೆರಿಕವೇ ಸಾಕ್ಷಿ ಒದಗಿಸಿದೆ. ಕೋವಿಡ್ ಕಾಲದಲ್ಲಿ, 2021ರ ಜುಲೈನಿಂದ ಡಿಸೆಂಬರ್‌ವರೆಗೆ, ಅಲ್ಲಿನ ಸರ್ಕಾರ ಬಹುತೇಕ ಎಲ್ಲ ಕುಟುಂಬಗಳಿಗೆ ಪ್ರತಿ ಮಗುವಿಗೆ ತಿಂಗಳಿಗೆ 250ರಿಂದ 300 ಡಾಲರ್ ನೇರವಾಗಿ ಕೊಟ್ಟಿತು. ಬೇರೆ ನೆರವುಗಳೂ ಇದ್ದವು. ಸರ್ಕಾರದ ನೆರವನ್ನೂ ಸೇರಿಸಿ ಲೆಕ್ಕ ಹಾಕುವ ಅಳತೆಯಲ್ಲಿ, ಆ ವರ್ಷ ಮಕ್ಕಳ ಬಡತನ ಶೇ 5.2ಕ್ಕೆ ಇಳಿಯಿತು. ಅಲ್ಲಿಯವರೆಗಿನ ದಾಖಲೆಯಲ್ಲಿ ಅಷ್ಟು ಕಡಿಮೆ ಎಂದೂ ಆಗಿರಲಿಲ್ಲ. ಆಮೇಲೆ ಅದನ್ನು ಮುಂದುವರಿಸಲು ಸೆನೆಟ್‌ನಲ್ಲಿ ಬೆಂಬಲ ಸಿಗಲಿಲ್ಲ. ರಿಪಬ್ಲಿಕನ್ ಪಕ್ಷದವರು ವಿರೋಧಿಸಿದರು. ದೇಶದ ಬಡ ರಾಜ್ಯಗಳಲ್ಲೊಂದಾದ ವೆಸ್ಟ್ ವರ್ಜೀನಿಯಾದ ಡೆಮಾಕ್ರಾಟ್ ಸೆನೆಟರ್ ಜೋ ಮಾಂಚಿನ್ ಕೂಡ ಒಪ್ಪಲಿಲ್ಲ. ನೆರವು ನಿಂತ ಮೇಲೆ, 2022ರಲ್ಲಿ, ಮಕ್ಕಳ ಬಡತನ ಶೇ 12.4ಕ್ಕೆ ಜಿಗಿಯಿತು. ಒಂದೇ ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚು.

ಆ ಒಂದು ವರ್ಷದಲ್ಲಿ ಅಪ್ಪ ಅಮ್ಮಂದಿರು ಇದ್ದಕ್ಕಿದ್ದಂತೆ ಸೋಮಾರಿಗಳಾಗಲಿಲ್ಲ. ಮಕ್ಕಳು ಕೆಟ್ಟವರಾಗಲಿಲ್ಲ. ಬದಲಾದದ್ದು ಒಂದು ಸದನದ ತೀರ್ಮಾನ.

ನಮ್ಮ ರಾಜ್ಯದಲ್ಲಿ ಹೆಂಗಸರ ಖಾತೆಗೆ ಎರಡು ಸಾವಿರ ಬಂದಾಗಲೆಲ್ಲ, ಜನರಿಗೆ ಬಿಟ್ಟಿ ಕೊಟ್ಟರೆ ದೇಶ ಉದ್ಧಾರವಾಗುವುದಿಲ್ಲ, ಅಮೆರಿಕ ನೋಡಿ ಕಲಿಯಿರಿ ಅನ್ನುವ ಮಾತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಗ್ಯಾರಂಟಿಗಳ ಖರ್ಚು ವೆಚ್ಚ, ಸೋರಿಕೆ ಬಗ್ಗೆ ಪ್ರಶ್ನೆ ಕೇಳೋಣ, ಕೇಳಲೇಬೇಕು. ಆದರೆ ಅಮೆರಿಕವನ್ನು ನೋಡಿ ಅಂದವರಿಗೆ, ಯಾವ ವರ್ಷದ ಅಮೆರಿಕ ಅಂತಲೂ ಕೇಳೋಣ. 2021ರದ್ದೋ, 2022ರದ್ದೋ?