ಗಂಗಾವಳಿಯ ಒಗಟೂ ಒಗಟುಪ್ರಿಯರೂ

ಶಿರೂರಿನ ಗುಡ್ಡ ಕುಸಿದ ದಿನಗಳಲ್ಲಿ ಮನೆಮನೆಯಲ್ಲಿ ನಡೆದ ತರ್ಕ ವಿತರ್ಕಗಳು ಜನರ ಅನುಕಂಪದ ಕುರುಹೇ ಹೊರತು ಬೇರೆಯಲ್ಲವೆಂದೂ, ಅಷ್ಟು ಮಂದಿ ಅಷ್ಟು ದಿವಸ ಒಬ್ಬ ಅಪರಿಚಿತ ಲಾರಿ ಚಾಲಕನನ್ನು ಕುರಿತು ಚಿಂತಿಸಿದುದು ಮನುಷ್ಯತ್ವಕ್ಕೆ ಭೂಷಣವೆಂದೂ ವಾದಿಸುವವರು ಕಾರವಾರ, ಅಂಕೋಲೆಗಳ ವಿದ್ಯಾವಂತರಲ್ಲಿ ಇಂದಿಗೂ ಉಂಟು. ಈ ವಾದದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಪರೀಕ್ಷಿಸದೆ ಬಿಡುವುದು ಯೋಗ್ಯವಲ್ಲ.

2004ರ ಸಪ್ಟೆಂಬರದಲ್ಲಿ ಅಮೇರಿಕೆಯ ದೂರದರ್ಶನದಲ್ಲಿ ‘ಲಾಸ್ಟ್’ ಎಂಬ ಧಾರಾವಾಹಿ ನಾಟಕವೊಂದು ಆರಂಭವಾಯಿತು. ಸಿಡ್ನಿಯಿಂದ ಹೊರಟ ವಿಮಾನವೊಂದು ಅಪರಿಚಿತ ದ್ವೀಪದ ಮೇಲೆ ಬಿದ್ದು, ಬದುಕುಳಿದವರು ಅಲ್ಲಿ ಸಿಕ್ಕಿಕೊಂಡರೆಂಬುದು ಕಥೆಯ ಬೀಜ. ನೆಲದಲ್ಲಿ ಹುದುಗಿದ ಒಂದು ಬಾಗಿಲು, ಪದೇ ಪದೇ ಕಾಣಿಸಿಕೊಳ್ಳುವ 4, 8, 15, 16, 23, 42 ಎಂಬ ಅಂಕೆಗಳು, ಕಾಡಿನೊಳಗಿನ ಕರಿಯ ಹೊಗೆ—ಇವುಗಳ ಅರ್ಥವನ್ನು ಶೋಧಿಸುತ್ತ ಪ್ರೇಕ್ಷಕರು 2010ರ ಮೇ ತಿಂಗಳಿನ ತನಕ, ಆರು ವರುಷ, ಸಿದ್ಧಾಂತಗಳ ಮೇಲೆ ಸಿದ್ಧಾಂತಗಳನ್ನು ಹೂಡಿದರು. ಎಲ್ಲರೂ ಮೊದಲೇ ಸತ್ತಿದ್ದಾರೆ, ದ್ವೀಪವೇ ಪ್ರೇತಲೋಕ ಎಂದವರೂ ಇದ್ದರು; ಕಥೆಗಾರರು ಅಲ್ಲವೆಂದರೂ ಅವರು ನಂಬಲಿಲ್ಲ. ಕೊನೆಗೆ ಅನೇಕರಿಗೆ ಆಶಾಭಂಗವಾಯಿತು. ಆದರೂ ಅವರು ತಪ್ಪು ಮಾಡಿದರೆಂದು ಯಾರೂ ಹೇಳಲಾರರು. ಒಗಟನ್ನು ಕಟ್ಟಿದವನೊಬ್ಬನಿದ್ದನು, ಬಿಡಿಸಿಕೊಡುವ ಋಣವೂ ಅವನ ಮೇಲಿತ್ತು. ಊಹೆಯಿಂದ ಯಾವ ಪಾತ್ರದ ಹೆಂಡತಿಯೂ ನಿದ್ದೆಗೆಡಲಿಲ್ಲ.

ಕಥೆಯನ್ನು ಹೀಗೆ ಬಗೆಬಗೆಯಾಗಿ ಶೋಧಿಸುವ ರಸಿಕತೆಯೇನೂ ಉತ್ತರ ಕನ್ನಡಕ್ಕೆ ಹೊಸತಲ್ಲ. ರಾಮನು ಮರೆಯಲ್ಲಿ ನಿಂತು ವಾಲಿಯನ್ನು ಹೊಡೆದುದು ಸರಿಯೇ ಎಂದು ತಾಳಮದ್ದಳೆಯ ಅರ್ಥಧಾರಿಗಳು ರಾತ್ರಿಯಿಡೀ ವಾದಿಸುತ್ತಾರೆ. ಕೇಳಿದವರು ಮರುದಿವಸ ಚಹದಂಗಡಿಯಲ್ಲಿ ಅದೇ ವಾದವನ್ನು ಮುಂದುವರಿಸುತ್ತಾರೆ. ಇಂಥ ಜಿಲ್ಲೆಯಲ್ಲಿ ತರ್ಕವನ್ನೇ ಹಳಿಯುವುದು ಕೃತಘ್ನತೆಯಾದೀತು. ಹಳಿಯಬೇಕಾದುದು ತರ್ಕವನ್ನಲ್ಲ, ಅದನ್ನು ತಂದಿಟ್ಟ ಸ್ಥಳವನ್ನು.

2024ರ ಜುಲೈ 16ರ ಬೆಳಿಗ್ಗೆ, ಭಾರಿ ಮಳೆಯ ನಡುವೆ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡವು ಕುಸಿದು ಗಂಗಾವಳಿಯೊಳಗೆ ಇಳಿಯಿತು. ಹೆದ್ದಾರಿಯ ಬದಿಯಲ್ಲಿ ಲಾರಿಯವರು ನಿಂತು ಚಹ ಕುಡಿಯುವ ಅಂಗಡಿಯೊಂದಿತ್ತು. ಅದನ್ನು ನಡೆಯಿಸುತ್ತಿದ್ದ ಗಂಡ, ಹೆಂಡತಿ, ಇಬ್ಬರು ಮಕ್ಕಳು ಒಟ್ಟಿಗೇ ಹೋದರು. ಮಣ್ಣು ಬಿದ್ದ ರಭಸಕ್ಕೆ ನದಿಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಅಲ್ಲಿಯೂ ಒಬ್ಬ ಹೆಂಗಸು ಸತ್ತಳು. ಅನಿಲದ ಟ್ಯಾಂಕರೊಂದು ಹೊಳೆಗೆ ಬಿದ್ದು ತೇಲಿಹೋಯಿತು. ಒಟ್ಟು ಹನ್ನೊಂದು ಜೀವಗಳ ಲೆಕ್ಕ ಅದು. ಅವರಲ್ಲೊಬ್ಬನು, ಮರದ ದಿಮ್ಮಿಗಳನ್ನು ಹೇರಿಕೊಂಡು ತನ್ನ ಊರಾದ ಕೇರಳದತ್ತ ಹೊರಟಿದ್ದ ಲಾರಿಯ ಚಾಲಕ.

ಆ ಒಬ್ಬನ ಸುತ್ತ ನಾಟಕವು ಹುಟ್ಟಿತು. ಅವನ ಮೊಬೈಲು ದುರಂತದ ಬಳಿಕವೂ ರಿಂಗಾಯಿತೆಂಬ ಮಾತು ಹಬ್ಬಿತು. ಲಾರಿಯ ಎಂಜಿನು ಇನ್ನೂ ಚಾಲೂ ಇದೆಯೆಂದು ಒಬ್ಬರು. ಗಟ್ಟಿಯಾದ ಹೊಸ ಬಗೆಯ ಕ್ಯಾಬಿನು, ಒಳಗೆ ಗಾಳಿ ಸಾಕಷ್ಟಿದೆ, ಇಷ್ಟು ದಿನ ಬದುಕಿರಬಹುದೆಂದು ಇನ್ನೊಬ್ಬರು. ದೂರದರ್ಶನದ ಫಲಕಗಳ ಮೇಲೆ ಬಾಣದ ಗುರುತುಗಳು, ಬಣ್ಣಬಣ್ಣದ ನಕಾಶೆಗಳು ಮೂಡಿದವು. ಜುಲೈ 21ರಂದು ಸೈನ್ಯವು ಬಂದು ರಸ್ತೆಯ ಮೇಲಿನ ಮಣ್ಣನ್ನು ಅಗೆಯಿತು, ಲಾರಿ ಸಿಕ್ಕಲಿಲ್ಲ. ಆಗ ಸಿದ್ಧಾಂತಗಳು ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ, ಸಂಶಯಗಳಾಗಿ ಮಾರ್ಪಟ್ಟವು. ಏನನ್ನೋ ಮುಚ್ಚಿಡುತ್ತಿದ್ದಾರೆ, ಬೇಕೆಂದೇ ತಡಮಾಡುತ್ತಿದ್ದಾರೆ ಎಂಬ ಹೊಸ ಅಂಕ ತೆರೆಯಿತು. ಯಂತ್ರಗಳ ಸೂಚನೆ ನದಿಯತ್ತ ತಿರುಗಿದುದು ಆ ಬಳಿಕ.

ಈ ಒಗಟುಪ್ರಿಯರ ಮೇಲಿನ ಮೊದಲನೆಯ ಆಕ್ಷೇಪಣೆ ಬುದ್ಧಿಗೆ ಸಂಬಂಧಪಟ್ಟದ್ದು. ಇಷ್ಟೊಂದು ಸುಳುಹುಗಳನ್ನು ಬಲ್ಲವರಿಗೆ ಎಲ್ಲಕ್ಕಿಂತ ದೊಡ್ಡ ಸುಳುಹೇ ಕಾಣಲಿಲ್ಲ. ಟ್ಯಾಂಕರು ನದಿಯಲ್ಲಿದ್ದುದು ಮೊದಲ ದಿನವೇ ಎಲ್ಲರ ಕಣ್ಣಿಗೆ ಬಿದ್ದಿತ್ತು. ಉಳುವರೆಯ ಗೋಡೆಗಳು ಎಷ್ಟು ಮಣ್ಣು ಹೊಳೆಗಿಳಿಯಿತೆಂಬುದನ್ನು ಸಾರಿ ಹೇಳುತ್ತಿದ್ದವು. ಹತ್ತಿರ ನಿಂತ ಎರಡು ವಾಹನಗಳಲ್ಲಿ ಒಂದನ್ನು ಗುಡ್ಡವು ಹೊಳೆಗೆ ನೂಕಿದ್ದರೆ ಇನ್ನೊಂದನ್ನೂ ನೂಕಿರಬಹುದೆಂದು ಎಣಿಸಲು ಪಾಂಡಿತ್ಯ ಬೇಕಿರಲಿಲ್ಲ. ಆದರೆ ಹಾಗೆಣಿಸಿದರೆ ನಾಟಕ ಮೊದಲ ರಾತ್ರಿಯೇ ಮುಗಿಯುತ್ತಿತ್ತು. ಮನಸ್ಸಿಗೆ ಮುಂದಿನ ಸಂಚಿಕೆ ಬೇಕಾಗಿತ್ತು. ಆದುದರಿಂದ ಸಂಭವನೀಯವಾದುದನ್ನು ಬಿಟ್ಟು ರೋಚಕವಾದುದನ್ನು ಆರಿಸಿಕೊಂಡಿತು.

ಎರಡನೆಯದು ಇದಕ್ಕಿಂತ ಗುರುತರವಾದದ್ದು. ‘ಅವನು ಎಲ್ಲಿದ್ದಾನೆ’ ಎಂಬ ಪ್ರಶ್ನೆಯ ಗದ್ದಲದಲ್ಲಿ ‘ಗುಡ್ಡ ಏಕೆ ಬಿದ್ದಿತು’ ಎಂಬ ಪ್ರಶ್ನೆ ಮೂಲೆಗೆ ಸರಿಯಿತು. ಇದರಲ್ಲಿ ಒಗಟೇನೂ ಇರಲಿಲ್ಲ. ಹೆದ್ದಾರಿಯನ್ನು ಅಗಲಿಸುವಾಗ ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿ, ಇಳುಕಲಿಗೆ ತಕ್ಕ ಆಸರೆಯಿಲ್ಲದೆ ಬಿಟ್ಟುದನ್ನೂ, ಜಂಬಿಟ್ಟಿಗೆಯ ಕೆಳಗಿನ ಮೆದು ಮಣ್ಣು ಮಳೆಗೆ ನೆನೆದು ಭಾರವಾಗುವುದನ್ನೂ ತಿಳಿದವರು ಬೆಟ್ಟು ಮಾಡಿ ತೋರಿಸಿದರು. ಕರಾವಳಿಯ ಹೆದ್ದಾರಿಯಲ್ಲಿ ಸಂಚರಿಸುವವರಿಗೆ ಆ ಕೆಂಪು ಗಾಯಗಳು ಪರಿಚಿತವೇ. ಉತ್ತರ ತಿಳಿದ ಪ್ರಶ್ನೆಯಲ್ಲಿ ಮಾತ್ರ ರಂಜನೆಯಿರುವುದಿಲ್ಲ. ಅದು ಹೊಣೆಯನ್ನು ಕೇಳುತ್ತದೆ.

ಪ್ರತಿವಾದಿಗಳು ಇಲ್ಲಿ ಒಂದು ಮಾತನ್ನು ಹೇಳಬಹುದು, ಅದು ಬಲವಾದ ಮಾತೇ. ಪ್ರವಾಹದ ಸೆಳೆತಕ್ಕೆ ಮುಳುಗುಗಾರರು ನಿಲ್ಲಲಾರದೆ ಜುಲೈ 28ರಂದು ಶೋಧ ನಿಂತಿತು. ಜನರ ಕುತೂಹಲವಿಲ್ಲದಿದ್ದರೆ ಅದು ಮತ್ತೆ ಆರಂಭವಾಗುತ್ತಿತ್ತೇ? ಗೋವೆಯಿಂದ ಹೂಳೆತ್ತುವ ಯಂತ್ರ ಬರುತ್ತಿತ್ತೇ? ಕುತೂಹಲದ ಪಾಲು ಇದರಲ್ಲಿ ಇಲ್ಲವೆನ್ನಲಾಗದು. ಆದರೆ ಶೋಧವನ್ನು ಬಿಡದೆ ಹಿಡಿದುಕೊಂಡವರು ಅವನ ಮನೆಯವರು ಮತ್ತು ಲಾರಿಯ ಒಡೆಯ. ಅವರು ಹೂಡಿದುದು ಸಿದ್ಧಾಂತವನ್ನಲ್ಲ, ಬೇಡಿಕೆಯನ್ನು. ಹೊಳೆಯಿಂದ ಎತ್ತಿದ ಕಬ್ಬಿಣದ ಜಾಕೊಂದನ್ನು ನೋಡಿ ಇದು ನಮ್ಮ ಲಾರಿಯದೆಂದು ಗುರುತಿಸಿದುದಕ್ಕೂ, ಸಾವಿರಾರು ಮನೆಗಳಲ್ಲಿ ಕುಳಿತು ಕ್ಯಾಬಿನಿನ ಗಾಳಿಯನ್ನು ಅಳೆದುದಕ್ಕೂ ಅಜಗಜಾಂತರವಿದೆ. ಪತಿಯ ಮೊಬೈಲು ರಿಂಗಾಯಿತೆಂದು ಹೆಂಡತಿ ಹೇಳಿದರೆ ಅದು ಆಸೆ. ಅದನ್ನೇ ಸಂಜೆಯ ಚರ್ಚೆಗೆ ವಿಷಯ ಮಾಡಿದವರದು ಆಸೆಯಲ್ಲ.

ಇದೇ ಕರಾವಳಿ ಇದನ್ನು ಹಿಂದೆಯೂ ಕಂಡಿತ್ತು. 2018ರ ದಶಂಬರದಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯು ಏಳು ಮೀನುಗಾರರೊಡನೆ ಕಾಣೆಯಾಯಿತು. ಅವರಲ್ಲಿ ಐವರು ಉತ್ತರ ಕನ್ನಡದವರು. ಅಪಹರಣವೆಂದರು, ಎಲ್ಲಿಯೋ ಸೆರೆಯಲ್ಲಿದ್ದಾರೆಂದರು. 2019ರ ಮೇ ತಿಂಗಳಲ್ಲಿ ನೌಕಾದಳದವರು ಮಾಲವಣದ ಸಮುದ್ರದ ತಳದಲ್ಲಿ ಅದರ ಅವಶೇಷವನ್ನು ಕಂಡರು. ಅಷ್ಟು ತಿಂಗಳು ಆ ಏಳು ಮನೆಗಳು ಪ್ರತಿಯೊಂದು ಊಹೆಯೊಡನೆಯೂ ಒಮ್ಮೆ ಎದ್ದು ಒಮ್ಮೆ ಬಿದ್ದವು.

ಒಗಟಿಲ್ಲದ ಸಂಕಟಕ್ಕೆ ಎಷ್ಟು ಬೆಲೆಯೆಂಬುದನ್ನು ನೋಡಬೇಕಾದರೆ ಕಾರವಾರಕ್ಕೆ ಹೋಗಬೇಕು. ಶಿರೂರಿನ ಗುಡ್ಡ ಬಿದ್ದು ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿಯ ಬಳಿಕ, ಸದಾಶಿವಗಡದ ಕಡೆಗಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ತಮಿಳುನಾಡಿನ ಲಾರಿಯೊಂದು ಅದರೊಡನೆ ನೀರಿಗೆ ಬಿದ್ದಿತು. ಚಾಲಕನು ಕ್ಯಾಬಿನಿನ ಮೇಲೇರಿ ನಿಂತಿದ್ದನು. ಮೀನುಗಾರರೂ ಪೊಲೀಸರೂ ಕತ್ತಲಲ್ಲಿಯೇ ಹೋಗಿ ಅವನನ್ನು ಕರೆತಂದರು. ಅದೇ ಹೆದ್ದಾರಿ, ಅದೇ ಮಳೆಗಾಲ, ಹೊಳೆಗೆ ಬಿದ್ದ ಇನ್ನೊಂದು ಲಾರಿ. ಮನುಷ್ಯನು ಜೀವಸಹಿತ ಬಂದನು. ಅವನ ಹೆಸರು ಇಂದು ಎಷ್ಟು ಮನೆಗಳಲ್ಲಿ ನೆನಪಿದೆ? ಬದುಕಿದ್ದಾನೆಯೇ ಎಂದು ಕಾತರಿಸಿದವರಿಗೆ ನಿಜವಾಗಿ ಬದುಕಿ ಬಂದವನು ಬೇಡವಾದನು.

ಸಪ್ಟೆಂಬರ 25ರಂದು, ಎಪ್ಪತ್ತೆರಡನೆಯ ದಿನ, ಗಂಗಾವಳಿಯ ತಳದಿಂದ ಲಾರಿಯನ್ನು ಎತ್ತಿದರು. ಕ್ಯಾಬಿನಿನೊಳಗೆ ಚಾಲಕನ ಅವಶೇಷಗಳಿದ್ದವು. ಅವನು ತನ್ನೂರಿಗೆ ಹೋದನು. ಅವನ ಹಿಂದೆಯೇ ಕ್ಯಾಮರಾಗಳೂ ಹೋದವು. ಆ ದಿವಸ ಇದೇ ತಾಲೀಮಿನ ಇನ್ನಿಬ್ಬರು, ಈ ಸೀಮೆಯವರೇ, ಹೊಳೆಯಿಂದ ಬಂದಿರಲಿಲ್ಲ. ಅವರನ್ನು ಕುರಿತು ಯಾರೂ ಸಿದ್ಧಾಂತ ಹೂಡಿರಲಿಲ್ಲ. ಅವರ ಮನೆಯವರು ದಡದಲ್ಲಿ ನಿಂತೇ ಇದ್ದರು.